ಕೇಳಿದರೆ ತಪ್ಪೇನು?

ಕೇಳುವ ಹಕ್ಕು ನಮ್ಮ ಮನೆಗಳಲ್ಲಿ ಎಲ್ಲರಿಗೂ ಒಂದೇ ಸಮನಾಗಿ ಹಂಚಿಕೆಯಾಗಿಲ್ಲ. ಊರಿಗೆ ಹೊರಟು ನಿಂತಾಗ ಅತ್ತೆಯಾದವಳು ಸೊಸೆಯನ್ನು ‘ಗ್ಯಾಸ್ ಆರಿಸಿದೆಯೇನಮ್ಮ, ಹಿತ್ತಲ ಬಾಗಿಲಿಗೆ ಚಿಲಕ ಹಾಕಿದೆಯಾ, ಹಾಲಿನವನಿಗೆ ಹೇಳಿದೆಯಾ’ ಎಂದು ಕೇಳಿದರೆ ಅದು ಹಿರಿಯರ ಕಾಳಜಿ. ಅದೇ ಮೂರು ಪ್ರಶ್ನೆಗಳನ್ನು ಸೊಸೆ ಅತ್ತೆಗೆ ಕೇಳಲಿ, ‘ನಿನ್ನೆ ಮೊನ್ನೆ ಬಂದವಳು ನನಗೆ ಹೇಳಿಕೊಡುತ್ತಾಳೆ’ ಎಂಬ ಮಾತು ಬಸ್‌ಸ್ಟ್ಯಾಂಡಿನವರೆಗೂ ಹಿಂಬಾಲಿಸಿಕೊಂಡು ಬರುತ್ತದೆ. ಇನ್ನು ಗಂಡನಿಗೆ ‘ಟಿಕೆಟ್ಟು ಇಟ್ಟುಕೊಂಡಿರಾ’ ಎಂದು ಎರಡನೆಯ ಸಲ ಕೇಳಿ ನೋಡಿ. ‘ನನಗೇನು ಅಷ್ಟೂ ಜ್ಞಾನವಿಲ್ಲವೇ?’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಾಗೆನ್ನುತ್ತಲೇ ಅವರ ಕೈ ಮಾತ್ರ ತಾನಾಗಿ ಜೇಬನ್ನು ಮುಟ್ಟಿ ನೋಡಿಕೊಳ್ಳುತ್ತದೆ!

ನಗುವ ಸಂಗತಿಯೇ ಇದು. ಆದರೆ ಇದರ ಹಿಂದೆ ನಗಲಾರದ ಒಂದು ಪ್ರಶ್ನೆಯಿದೆ. ಒಬ್ಬರು ಮಾಡಿದ ಕೆಲಸವನ್ನು ಇನ್ನೊಬ್ಬರು ‘ಆಯಿತೇ?’ ಎಂದು ಕೇಳುವುದು ಅಪನಂಬಿಕೆಯೇ? ಕೇಳಿಸಿಕೊಂಡವರ ಮರ್ಯಾದೆ ಅದರಿಂದ ಒಂದು ಗುಂಜಿಯಷ್ಟಾದರೂ ಕಡಿಮೆಯಾಗುತ್ತದೆಯೇ? ಮನೆಯಲ್ಲಾದರೆ ಕೇಳದೆ ಬಿಟ್ಟದ್ದಕ್ಕೆ ಹೆಚ್ಚೆಂದರೆ ಒಂದು ಪಾತ್ರೆ ಹಾಲು ಉಕ್ಕಿ ಹೋಗಬಹುದು. ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಇದೇ ಪ್ರಶ್ನೆ ಎದ್ದಾಗ ಮೇಜಿನ ಮೇಲೆ ಒಂದು ಜೀವ ಮಲಗಿರುತ್ತದೆ.

ದೇವನಹಳ್ಳಿ ತಾಲ್ಲೂಕಿನ ಆವತಿ ನಮ್ಮ ಕಡೆಯವರಿಗೆ ನಾಡಪ್ರಭುಗಳ ಊರೆಂದು ಗೊತ್ತು. ರಣಭೈರೇಗೌಡನ ಮನೆತನ ಅಲ್ಲಿ ನೆಲೆನಿಂತು, ಅಲ್ಲಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ಕವಲೊಡೆಯಿತೆಂದು ಇತಿಹಾಸ ಹೇಳುತ್ತದೆ. ಬೆಟ್ಟದ ತಿಮ್ಮರಾಯಸ್ವಾಮಿಯೂ ಗೊತ್ತು. ಈಗ ಆ ಬೆಟ್ಟದ ಕಡೆಗೆ ಹೋದವರ ಕಣ್ಣಿಗೆ ಮತ್ತೊಂದು ಬೀಳುತ್ತದೆ, ಆಕಾಶದಲ್ಲಿ ಓಡಾಡುವ ವಿಮಾನಗಳು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ, ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದವರೂ ತಲೆಯೆತ್ತಿ ನೋಡುವುದನ್ನು ಬಿಟ್ಟುಬಿಡುವಷ್ಟು ಅವು ಸಾಮಾನ್ಯವಾದವು.

ಹಾಗೆ ಮೇಲೇರುವ ಪ್ರತಿ ವಿಮಾನದಲ್ಲೂ ಹೊರಡುವ ಮುಂಚೆ ಒಂದು ಕೆಲಸ ನಡೆಯುತ್ತದೆ. ಇಪ್ಪತ್ತು ವರ್ಷ ವಿಮಾನ ಹಾರಿಸಿದ ಪೈಲಟ್ ಕೂಡ ಒಂದು ಪಟ್ಟಿಯನ್ನು ಎದುರಿಗಿಟ್ಟುಕೊಳ್ಳುತ್ತಾನೆ. ಒಬ್ಬರು ಓದುತ್ತಾರೆ, ಇನ್ನೊಬ್ಬರು ನೋಡಿ ಉತ್ತರ ಹೇಳುತ್ತಾರೆ. ಇದು ಬಂದದ್ದು ಒಂದು ಸಾವಿನಿಂದ. 1935ರಲ್ಲಿ ಅಮೆರಿಕದ ಬೋಯಿಂಗ್ ಕಂಪನಿ ತನ್ನ ಹೊಸ ದೊಡ್ಡ ವಿಮಾನವನ್ನು ಸೈನ್ಯದವರ ಮುಂದೆ ಹಾರಿಸಿ ತೋರಿಸಿತು. ನಡೆಸಿದವನು ಸೈನ್ಯದ ನುರಿತ ಪೈಲಟ್. ವಿಮಾನ ಮೇಲೆದ್ದು, ಓರೆಯಾಗಿ, ನೆಲಕ್ಕೆ ಬಿದ್ದು ಉರಿಯಿತು; ಅವನೂ ಇನ್ನೊಬ್ಬನೂ ಸತ್ತರು. ಯಂತ್ರದಲ್ಲಿ ದೋಷವಿರಲಿಲ್ಲ. ನಿಂತ ವಿಮಾನದ ರೆಕ್ಕೆಪುಕ್ಕಗಳು ಗಾಳಿಗೆ ಅಲುಗದಂತೆ ಹಾಕಿದ್ದ ಬೀಗವನ್ನು ತೆಗೆಯಲು ಮರೆತಿದ್ದರು, ಅಷ್ಟೇ. ಆನೆಗೂ ಅಡಿ ತಪ್ಪುತ್ತದೆ. ಆಮೇಲೆ ಪೈಲಟ್‌ಗಳು ತಮ್ಮ ಜಾಣತನವನ್ನೊಂದೇ ನಂಬುವುದನ್ನು ಬಿಟ್ಟು ಒಂದು ಚೀಟಿ ಬರೆದುಕೊಂಡರು.

ದೇವನಹಳ್ಳಿಯಲ್ಲಿ ವಿಮಾನಗಳು ಇಳಿಯತೊಡಗಿದ ಮರುತಿಂಗಳೇ, 2008ರ ಜೂನ್‌ನಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್ ಥಿಯೇಟರುಗಳಿಗೂ ಅಂಥದೇ ಒಂದು ಚೀಟಿಯನ್ನು ಹೊರತಂದಿತು. ಅದನ್ನು ಸಿದ್ಧಪಡಿಸಿದ ತಂಡದ ಮುಂದಾಳು ಭಾರತೀಯ ಮೂಲದ ಅಮೆರಿಕದ ಸರ್ಜನ್ ಅತುಲ್ ಗವಾಂಡೆ. ಒಂದೇ ಹಾಳೆ, ಹತ್ತೊಂಬತ್ತು ಅಂಶಗಳು. ಅರಿವಳಿಕೆ ಕೊಡುವ ಮುಂಚೆ ಒಮ್ಮೆ, ಕತ್ತಿ ತಾಗಿಸುವ ಮುಂಚೆ ಒಮ್ಮೆ, ರೋಗಿಯನ್ನು ಹೊರಗೆ ಕಳಿಸುವ ಮುಂಚೆ ಒಮ್ಮೆ, ಹೀಗೆ ಮೂರು ಸಲ ಎಲ್ಲರೂ ಒಂದು ಕ್ಷಣ ನಿಂತು ಬಾಯಿಬಿಟ್ಟು ಹೇಳಬೇಕು.

ಏನು ಹೇಳಬೇಕು? ಓದಿದರೆ ‘ಇಷ್ಟೇನೇ?’ ಅನ್ನಿಸುತ್ತದೆ. ಈಕೆ ಯಾರು, ಯಾವ ಆಪರೇಷನ್, ಯಾವ ಭಾಗ, ಒಪ್ಪಿಗೆ ಕೊಟ್ಟಿದ್ದಾಳೆಯೇ. ಯಾವುದಾದರೂ ಔಷಧಿ ಮೈಗೆ ಒಗ್ಗುವುದಿಲ್ಲವೇ. ರಕ್ತ ಹೆಚ್ಚು ಹೋಗುವ ಸಂಭವವಿದ್ದರೆ ಸಿದ್ಧತೆಯಾಗಿದೆಯೇ. ಸೋಂಕು ತಡೆಯುವ ಇಂಜೆಕ್ಷನ್ ಹಿಂದಿನ ಒಂದು ಗಂಟೆಯೊಳಗೆ ಕೊಟ್ಟಿದೆಯೇ. ಸಲಕರಣೆಗಳು ಶುದ್ಧವಾಗಿವೆಯೇ. ಕೊನೆಯಲ್ಲಿ, ಒಳಗೆ ಹೋದ ಬಟ್ಟೆ, ಸೂಜಿ, ಸಲಕರಣೆಗಳೆಲ್ಲ ಲೆಕ್ಕಕ್ಕೆ ಸಿಕ್ಕವೇ. ತೆಗೆದ ಗಡ್ಡೆಯ ಶೀಶೆಗೆ ಸರಿಯಾದ ಹೆಸರಿನ ಚೀಟಿ ಅಂಟಿಸಿದೆಯೇ. ಹೊಲಿಗೆ ಮುಗಿಸಿದ ಮೇಲೆ ಸೂಜಿ ಸಿಗುವವರೆಗೆ ಮಗುವನ್ನು ಚಾಪೆಯ ಮೇಲೆ ಬಿಡದ ನಮಗೆ ಇದರಲ್ಲಿ ಹೊಸದೇನೂ ಇಲ್ಲ.

ಆದರೆ ಈ ‘ಇಷ್ಟೇ’ ಎಂಬುದರಿಂದ ಆದದ್ದನ್ನು ನೋಡಿ. ಎಂಟು ದೇಶಗಳ ಎಂಟು ಆಸ್ಪತ್ರೆಗಳಲ್ಲಿ, ನಮ್ಮ ದೆಹಲಿಯ ಒಂದೂ ಸೇರಿ, ಇದನ್ನು ಪರೀಕ್ಷಿಸಿದರು. ಏಳು ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ. 2009ರ ಜನವರಿಯಲ್ಲಿ ಫಲ ಪ್ರಕಟವಾಯಿತು. ಆಪರೇಷನ್ ನಂತರದ ಸಾವು ನೂರಕ್ಕೆ 1.5 ಇದ್ದದ್ದು 0.8ಕ್ಕೆ ಇಳಿದಿತ್ತು. ತೊಡಕುಗಳು ನೂರಕ್ಕೆ 11ರಿಂದ 7ಕ್ಕೆ ಇಳಿದಿದ್ದವು. ಹೊಸ ಯಂತ್ರವಿಲ್ಲ, ಹೊಸ ಔಷಧಿಯಿಲ್ಲ. ಒಂದು ಹಾಳೆ, ಎರಡು ನಿಮಿಷದ ಮಾತು.

ಸಾವಿನ ಲೆಕ್ಕಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಲೆಕ್ಕ. ಆ ಆಸ್ಪತ್ರೆಗಳ ಡಾಕ್ಟರು, ನರ್ಸು ಮೊದಲಾದವರಿಗೆ ಈ ಪಟ್ಟಿಯ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಕೇಳಿದರು. ನೂರಕ್ಕೆ ಸುಮಾರು ಎಂಬತ್ತು ಮಂದಿ ಸುಲಭವಾಗಿದೆ, ಹೆಚ್ಚು ಹೊತ್ತು ಹಿಡಿಯುವುದಿಲ್ಲ ಎಂದರು. ಉಳಿದ ಇಪ್ಪತ್ತು ಮಂದಿಗೆ ಅದು ಕಿರಿಕಿರಿ, ಪ್ರಯೋಜನವೂ ಕಾಣಲಿಲ್ಲ. ಆಮೇಲೆ ಇನ್ನೊಂದೇ ಪ್ರಶ್ನೆ ಕೇಳಿದರು: ನಾಳೆ ನಿಮಗೇ ಆಪರೇಷನ್ ಆಗುವುದಾದರೆ ಈ ಪಟ್ಟಿ ಬಳಸಬೇಕೋ ಬೇಡವೋ? 93 ಮಂದಿ ಬೇಕು ಎಂದರು!

ಅಂದರೆ, ತಾನು ಕತ್ತಿ ಹಿಡಿದು ನಿಂತಾಗ ಬೇಡವೆನಿಸಿದ್ದು ತಾನು ಮೇಜಿನ ಮೇಲೆ ಮಲಗಿದಾಗ ಬೇಕೆನಿಸುತ್ತದೆ. ತನಗೊಂದು ನ್ಯಾಯ, ಪರರಿಗೊಂದು ನ್ಯಾಯ ಎಂದು ಸುಲಭವಾಗಿ ಬೈದುಬಿಡಬಹುದು. ಆದರೆ ಆ ಮಂದಿ ಕೆಟ್ಟವರೆಂದು ನನಗೆ ಅನ್ನಿಸುವುದಿಲ್ಲ. ನಿಂತವನಿಗೆ ತನ್ನ ಕೌಶಲ ಕಾಣುತ್ತದೆ. ಮಲಗಿದವನಿಗೆ ತನ್ನ ಅಸಹಾಯಕತೆ ಕಾಣುತ್ತದೆ. ಇಬ್ಬರೂ ಒಬ್ಬನೇ ಆಗಿದ್ದರೂ ನಿಂತ ಜಾಗ ಬದಲಾದರೆ ಸತ್ಯವೇ ಬದಲಾದಂತೆ ತೋರುತ್ತದೆ. ನೀತಿ ಎಂದರೆ ನಿಂತುಕೊಂಡಿರುವಾಗಲೇ ಮಲಗಿದವನ ಜಾಗದಿಂದ ನೋಡುವ ಅಭ್ಯಾಸವೇ ಇರಬೇಕು.

ನಮ್ಮಣ್ಣನ ಮಗಳು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಥಿಯೇಟರ್ ನರ್ಸು. ಹಬ್ಬಕ್ಕೆ ಬಂದಾಗ ಒಬ್ಬಟ್ಟು ತಟ್ಟುತ್ತ ಕೂತು ಈ ಪಟ್ಟಿಯ ವಿಷಯ ಕೇಳಿದೆ. ‘ಫಾರಂ ಎಲ್ಲಾ ಇದೆ ಅತ್ತೆ, ಫೈಲಲ್ಲಿ ಟಿಕ್ಕೂ ಇರುತ್ತೆ’ ಎಂದು ನಕ್ಕಳು. ಕೆದಕಿದ ಮೇಲೆ ಹೇಳಿದ್ದಿಷ್ಟು: ‘ತುಂಬೋದು ಕಷ್ಟ ಅಲ್ಲ. ದೊಡ್ಡ ಡಾಕ್ಟ್ರು ಗ್ಲೌಸ್ ಹಾಕ್ಕೊಂಡು ಕೈ ಮೇಲೆತ್ಕೊಂಡು ನಿಂತಿರ್ತಾರಲ್ಲ, ಅವರ ಮುಂದೆ ‘ಸರ್, ಒಂದ್ನಿಮಿಷ, ಪೇಷಂಟ್ ಹೆಸರು ಹೇಳಿ’ ಅನ್ನೋದು ಕಷ್ಟ. ಕೆಲವರು ಮುಖ ನೋಡ್ತಾರೆ. ಕೆಲವರು ‘ನಿನಗೆ ಗೊತ್ತಿಲ್ವೇನಮ್ಮ?’ ಅಂತಾರೆ. ಒಂದ್ಸಲ ಹಂಗಂದ್ರೆ ಮುಗೀತು, ಮಾರನೇ ದಿನದಿಂದ ನಾವು ಬಾಯಿ ಬಿಡಲ್ಲ. ಸಾಯಂಕಾಲ ಎಲ್ಲಾ ಫಾರಂ ಒಟ್ಟಿಗೆ ತಗೊಂಡು ಟಿಕ್ ಹಾಕ್ಬಿಡ್ತೀವಿ.’

ಅವಳೇ ಇನ್ನೊಂದು ಮಾತೂ ಹೇಳಿದಳು. ಅಲ್ಲೇ ಇರುವ ಒಬ್ಬ ಹಿರಿಯ ಸರ್ಜನ್ ಮಾತ್ರ ಪಟ್ಟಿ ಓದದೆ ಕತ್ತಿ ಮುಟ್ಟುವುದಿಲ್ಲವಂತೆ. ‘ಸಿಸ್ಟರ್, ನೀವು ಕೇಳಿ, ನಾನು ಹೇಳ್ತೀನಿ. ನಾನು ಏನಾದ್ರೂ ಬಿಟ್ರೆ ಬೈಯಿರಿ’ ಎನ್ನುತ್ತಾರಂತೆ. ‘ಅವರ ಥಿಯೇಟರಲ್ಲಿ ನಮಗೆ ಸುಸ್ತೇ ಆಗಲ್ಲ ಅತ್ತೆ’ ಎಂದಳು. ಆ ಒಂದು ವಾಕ್ಯದಲ್ಲಿ ನನಗೆ ಬಹಳ ಕಂಡಿತು. ಪಟ್ಟಿ ಅದೇ, ಹಾಳೆ ಅದೇ, ಗೋಡೆಯೂ ಅದೇ. ಕೇಳುವ ಹಕ್ಕನ್ನು ಮೇಲಿನವರು ಬಾಯಿಬಿಟ್ಟು ಕೊಟ್ಟ ಕಡೆ ಅದು ಕೆಲಸ ಮಾಡುತ್ತದೆ. ಕೊಡದ ಕಡೆ ಅದೇ ಹಾಳೆ ಒಂದು ಸಣ್ಣ ಸುಳ್ಳಾಗುತ್ತದೆ. ಪ್ರತಿ ಚೌಕದಲ್ಲೂ ಟಿಕ್ ಇದ್ದು ಒಂದು ಮಾತೂ ಆಡಿರದ ಆ ಫಾರಂ ಪಟ್ಟಿಯೇ ಇಲ್ಲದಿರುವುದಕ್ಕಿಂತ ಅಪಾಯದ್ದು. ಇಲ್ಲದಿದ್ದರೆ ಯಾರಿಗಾದರೂ ಭಯವಾದರೂ ಇರುತ್ತಿತ್ತು!

ಡಾಕ್ಟರುಗಳ ಪರವಾಗಿಯೂ ಮಾತು ಇದೆ, ಅದನ್ನು ಕೇಳದೆ ತೀರ್ಪು ಕೊಡಬಾರದು. ನಮ್ಮ ಕಡೆಯ ಸರ್ಕಾರಿ ಆಸ್ಪತ್ರೆಗಳಿಗೆ ಬೆಳಿಗ್ಗೆ ಹೋದವರಿಗೆ ಅಲ್ಲಿನ ಸಾಲು ಗೊತ್ತು. ಒಬ್ಬರು ಅರಿವಳಿಕೆ ಡಾಕ್ಟರು ಎರಡು ಕಡೆ ಓಡಾಡಬೇಕು, ಒಬ್ಬ ಸಿಸ್ಟರು ಮೂವರ ಕೆಲಸ ಮಾಡಬೇಕು. ಅಂಥ ಕಡೆ ಮೇಲಿನಿಂದ ಇನ್ನೊಂದು ಫಾರಂ ಬಂದರೆ ‘ಜನ ಕೊಡಿ ಅಂದರೆ ಕಾಗದ ಕೊಡ್ತಾರೆ’ ಎಂದು ಸಿಟ್ಟು ಬರುವುದು ಸಹಜ. ಪಟ್ಟಿಯಲ್ಲಿ ‘ರಕ್ತ ಸಿದ್ಧವಿದೆಯೇ’ ಎಂಬ ಪ್ರಶ್ನೆ ಇರಬಹುದು. ರಕ್ತವೇ ಇಲ್ಲದ ಊರಿನಲ್ಲಿ ಆ ಪ್ರಶ್ನೆ ಗಾಯದ ಮೇಲೆ ಉಪ್ಪು. ಪಟ್ಟಿ ಎಲ್ಲವನ್ನೂ ಹಿಡಿಯುವುದೂ ಇಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತಾಗ ಸಂಶಯ ಹೋದದ್ದು ಅವರಿಗೆ ಹಾಕಿದ ಡ್ರಿಪ್ಪಿನ ದ್ರಾವಣದ ಮೇಲೆ. ಬಾಟಲಿಯ ಒಳಗಿರುವುದನ್ನು ಥಿಯೇಟರಿನ ಸಿಸ್ಟರು ಹೇಗೆ ತಾನೇ ಓದಿಯಾಳು?

ಆದರೆ ‘ನನಗೆ ಗೊತ್ತಿಲ್ಲವೇ’ ಎಂಬ ಮಾತು ಈ ಕಷ್ಟಗಳ ಸಾಲಿಗೆ ಸೇರಿದ್ದಲ್ಲ. ಅದು ಬಹಳ ಹಳೆಯದು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಡಾಕ್ಟರು ಒಂದು ಸಂಗತಿ ಕಂಡುಕೊಂಡ. ಹೆಣಗಳನ್ನು ಕೊಯ್ದು ಕಲಿತ ಡಾಕ್ಟರುಗಳೂ ವಿದ್ಯಾರ್ಥಿಗಳೂ ಅದೇ ಕೈಯಿಂದ ಹೆರಿಗೆ ಮಾಡಿಸುತ್ತಿದ್ದ ವಾರ್ಡಿನಲ್ಲಿ, ಸೂಲಗಿತ್ತಿಯರು ನೋಡಿಕೊಳ್ಳುತ್ತಿದ್ದ ವಾರ್ಡಿಗಿಂತ ಬಾಣಂತಿಯರು ಹೆಚ್ಚಾಗಿ ಸಾಯುತ್ತಿದ್ದರು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಿರಿ ಎಂದು ಅವನು ಕಡ್ಡಾಯ ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಸಾವು ಜೂನ್ ಹೊತ್ತಿಗೆ ಸುಮಾರು 2ಕ್ಕೆ ಇಳಿಯಿತು. ಆದರೂ ಎಷ್ಟೋ ದೊಡ್ಡ ಡಾಕ್ಟರುಗಳು ಅದನ್ನು ಒಪ್ಪಲಿಲ್ಲ. ಒಪ್ಪಿದರೆ ತಮ್ಮ ಕೈಯೇ ಕೊಂದಿತೆಂದು ಒಪ್ಪಬೇಕಾಗುತ್ತಿತ್ತು. ಸೆಮ್ಮೆಲ್‌ವೈಸ್ 1865ರಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಸತ್ತ. ಬಾಣಂತಿಯರ ಜೀವಕ್ಕೂ ಡಾಕ್ಟರ ಮಾನಕ್ಕೂ ಪಂದ್ಯ ಬಿದ್ದಾಗ ಎಷ್ಟೋ ವರ್ಷ ಗೆದ್ದದ್ದು ಮಾನವೇ.

ಅವನು ಬಳಸಿದ ಆ ಕ್ಲೋರಿನ್ ಸುಣ್ಣವನ್ನು ನಾವು ಬ್ಲೀಚಿಂಗ್ ಪೌಡರ್ ಎನ್ನುತ್ತೇವೆ. ಆವತಿಯ ಆಸುಪಾಸಿನ ರೇಷ್ಮೆ ಮನೆಗಳಿಗೆ ಅದನ್ನು ಪರಿಚಯಿಸಬೇಕಾಗಿಲ್ಲ. ದೇವನಹಳ್ಳಿ, ವಿಜಯಪುರ, ಶಿಡ್ಲಘಟ್ಟದ ಸೀಮೆಯೆಲ್ಲ ಹುಳು ಮೇಯಿಸಿದ ಸೀಮೆ. ಮೊಟ್ಟೆ ತರುವ ಮುಂಚೆ ಹುಳುಮನೆ, ತಟ್ಟೆ, ಚಂದ್ರಿಕೆ ಎಲ್ಲವನ್ನೂ ತೊಳೆದು ಸೋಂಕು ಕಳೆಯಬೇಕು. ಒದ್ದೆ ಸೊಪ್ಪು ಹಾಕಬಾರದು. ಜ್ವರಕ್ಕೆ ಕೂತ ಹುಳುವನ್ನು ಕೆಣಕಬಾರದು. ಎಲ್ಲಕ್ಕಿಂತ ಮುಖ್ಯ, ಕೈಕಾಲು ತೊಳೆಯದೆ ಯಾರೂ ಒಳಗೆ ಕಾಲಿಡಬಾರದು. ಹಾಲುತೊಂಡೆಯೋ ಸಪ್ಪೆರೋಗವೋ ಒಳಗೆ ಬಂತೆಂದರೆ ಇಡೀ ಬೆಳೆ ತಿಪ್ಪೆಗೆ.

ಹುಳುಮನೆಯ ಬಾಗಿಲಲ್ಲಿ ಕೂತ ಹತ್ತು ವರ್ಷದ ಹುಡುಗಿ, ಬಂದವರು ಊರಿನ ದೊಡ್ಡ ಗೌಡರೇ ಆಗಿದ್ದರೂ, ‘ತಾತ, ಕಾಲು ತೊಳ್ಕೊಂಡು ಬನ್ನಿ’ ಎನ್ನುತ್ತಾಳೆ. ತಾತ ತೊಳೆದುಕೊಂಡೇ ಬರುತ್ತಾರೆ. ‘ನನಗೆ ಗೊತ್ತಿಲ್ಲವೇನೇ, ನಲವತ್ತು ವರ್ಷ ಹುಳು ಮೇಯಿಸಿದೀನಿ’ ಎಂದು ಜಗಳ ತೆಗೆದದ್ದನ್ನು ನಾನಂತೂ ಕೇಳಿಲ್ಲ. ಮನೆಯೊಳಗೆ ಎದುರುತ್ತರ ಸಹಿಸದ ಮಂದಿಯೇ ಇವರು. ಹುಳುಮನೆಯ ಹೊಸ್ತಿಲಲ್ಲಿ ಮಾತ್ರ ಸಣ್ಣವರ ಮಾತಿಗೆ ಬಗ್ಗುತ್ತಾರೆ. ಯಾಕೆ?

ಎರಡು ಕಾರಣ ನನಗೆ ತೋರುತ್ತದೆ. ಒಂದು, ಆ ಹುಡುಗಿ ತಾತನ ವಿರುದ್ಧ ಮಾತಾಡುತ್ತಿಲ್ಲ, ಹುಳುವಿನ ಪರವಾಗಿ ಮಾತಾಡುತ್ತಿದ್ದಾಳೆ ಎಂಬುದು ಎಲ್ಲರಿಗೂ ಗೊತ್ತು. ಮಾತು ಬಾರದ ಜೀವದ ಬಾಯಾಗಿ ಅವಳು ನಿಂತಿದ್ದಾಳೆ. ಇನ್ನೊಂದು, ಬೆಳೆ ಹೋದರೆ ನಷ್ಟ ತಮ್ಮದೇ. ಆಪರೇಷನ್ ಥಿಯೇಟರಿನಲ್ಲಿ ಮೊದಲನೆಯದು ಅಷ್ಟೇ ನಿಜ. ಅರಿವಳಿಕೆಯಲ್ಲಿ ಮಲಗಿದವಳಿಗಿಂತ ಮಾತು ಬಾರದ ಜೀವ ಯಾವುದು? ‘ಸರ್, ಒಂದ್ನಿಮಿಷ’ ಎನ್ನುವ ಸಿಸ್ಟರು ಅವಳ ಬಾಯಿ. ವ್ಯತ್ಯಾಸವಿರುವುದು ಎರಡನೆಯದರಲ್ಲಿ. ಅಲ್ಲಿ ನಷ್ಟ ಬೇರೆಯವರದು. ನಷ್ಟ ಬೇರೆಯವರದಾದಾಗಲೂ ಅದೇ ಎಚ್ಚರ ಇಟ್ಟುಕೊಳ್ಳುವುದಕ್ಕೇ ಅಲ್ಲವೇ ನಾವು ಧರ್ಮ ಎಂಬ ಮಾತನ್ನು ಬಳಸುವುದು?

ಅಭ್ಯಾಸ ಬದಲಾಗುವುದೇ ಇಲ್ಲ ಎಂದು ಹೇಳಲಿಕ್ಕಾಗದು. ಅದಕ್ಕೆ ನಮ್ಮ ರಾಜ್ಯದ್ದೇ ಸಾಕ್ಷಿಯಿದೆ. ಆಪರೇಷನ್ ಪಟ್ಟಿಯ ಮಾದರಿಯಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಗೂ ಒಂದು ಪಟ್ಟಿ ಮಾಡಿತು. 2010ರಲ್ಲಿ ಅದನ್ನು ಬೆಳಗಾವಿ ಜಿಲ್ಲೆಯ ಗೋಕಾಕದ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷಿಸಿ ನೋಡಿದರು. ಕೈ ತೊಳೆಯುವುದು, ತಾಯಿಯ ರಕ್ತದ ಒತ್ತಡ ನೋಡುವುದು, ಮಗುವನ್ನು ಬೆಚ್ಚಗಿಡುವುದು, ಇಂಥ 29 ಕೆಲಸಗಳಲ್ಲಿ ಒಂದು ಹೆರಿಗೆಗೆ ಸರಾಸರಿ ಎಷ್ಟು ಆಗುತ್ತಿವೆ ಎಂದು ಪಕ್ಕದಲ್ಲಿ ನಿಂತು ಎಣಿಸಿದರು. ಪಟ್ಟಿಗೆ ಮುಂಚೆ ಸಿಕ್ಕಿದ್ದು 10. ಪಟ್ಟಿ ಬಂದ ಮೇಲೆ 25. ಅದೇ ಸಿಸ್ಟರುಗಳು, ಅದೇ ಹೆರಿಗೆ ಕೋಣೆ. ಅವರಿಗೆ ಮೊದಲೇನು ವಿದ್ಯೆ ಇರಲಿಲ್ಲವೇ? ಇತ್ತು. ಆದರೆ ವಿದ್ಯೆ ತಲೆಯಲ್ಲಿರುವುದು ಬೇರೆ, ರಾತ್ರಿ ಮೂರು ಗಂಟೆಗೆ ನಾಲ್ಕು ಹೆರಿಗೆ ಒಟ್ಟಿಗೆ ಬಂದಾಗ ಕೈಗೆ ಬರುವುದು ಬೇರೆ.

ಅಷ್ಟಕ್ಕೇ ಹಿಗ್ಗುವಂತೆಯೂ ಇಲ್ಲ. ಅದೇ ಹೆರಿಗೆ ಪಟ್ಟಿಯನ್ನು ಉತ್ತರ ಪ್ರದೇಶದ 120 ಆಸ್ಪತ್ರೆಗಳ ದೊಡ್ಡ ಪರೀಕ್ಷೆಗೆ ಒಳಪಡಿಸಿದರು. ಅರ್ಧದಷ್ಟು ಕಡೆ ಪಟ್ಟಿ ಕೊಟ್ಟು, ಪಕ್ಕದಲ್ಲಿ ನಿಂತು ಹೇಳಿಕೊಡುವವರನ್ನೂ ಕಳಿಸಿದರು. 2017ರಲ್ಲಿ ಫಲ ಬಂತು. ಹೇಳಿಕೊಡುವವರು ಬರುತ್ತಿದ್ದಾಗ ನೂರಕ್ಕೆ 73ರಷ್ಟು ಕೆಲಸಗಳು ಆಗುತ್ತಿದ್ದವು. ಅವರು ಬರುವುದು ನಿಂತ ಕೆಲವು ತಿಂಗಳಿಗೆ ಅದು 62ಕ್ಕೆ ಇಳಿದಿತ್ತು. ತಾಯಿ, ಮಗುವಿನ ಸಾವಿನಲ್ಲಂತೂ ಉಳಿದ ಆಸ್ಪತ್ರೆಗಳಿಗೂ ಇವಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಆಪರೇಷನ್ ಪಟ್ಟಿಯ ಕಥೆಯೂ ಎಲ್ಲ ಕಡೆ ಒಂದೇ ಆಗಲಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ನೂರೊಂದು ಆಸ್ಪತ್ರೆಗಳು ಅದನ್ನು ಜಾರಿಗೆ ತಂದವು. 2014ರ ಲೆಕ್ಕದಲ್ಲಿ ಸಾವು ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ.

‘ಹಾಗಾದರೆ ಈ ಕಾಗದ ಯಾತಕ್ಕೆ?’ ಎಂದು ಕೇಳುವವರಿಗೆ ಇದು ಒಳ್ಳೆಯ ಆಯುಧ. ನನಗೆ ಇದರಿಂದ ತಿಳಿಯುವುದು ಬೇರೆ. ಪಟ್ಟಿಯೊಂದು ಮಂತ್ರವಲ್ಲ. ಹುಟ್ಟಿನ ಹೊತ್ತಿನಲ್ಲಿ ರಕ್ತ, ಆಪರೇಷನ್ ಸೌಲಭ್ಯ, ಉಸಿರು ಕಟ್ಟಿದ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಇಲ್ಲದಿದ್ದರೆ ಟಿಕ್ ಹಾಕಿ ಜೀವ ಉಳಿಸಲಾಗದು. ವ್ಯವಸ್ಥೆ ಇದ್ದ ಕಡೆಯೂ ಮೇಲಿನಿಂದ ಆಜ್ಞೆಯಾಗಿ ಬಂದ ಪಟ್ಟಿ ಬರೀ ಕಾಗದವಾಗಿಯೇ ಉಳಿದುಬಿಡಬಹುದು. ಆದ್ದರಿಂದ ‘ಪಟ್ಟಿ ಇದೆಯೇ’ ಎಂದು ಕೇಳಿದರೆ ಸಾಲದು. ‘ಆ ಕೋಣೆಯಲ್ಲಿ ಎಲ್ಲರಿಗಿಂತ ಚಿಕ್ಕವರು ಎಲ್ಲರಿಗಿಂತ ದೊಡ್ಡವರನ್ನು ತಡೆಯಬಲ್ಲರೇ’ ಎಂದು ಕೇಳಬೇಕು.

ಗವಾಂಡೆಯವರೇ ತಮ್ಮ ಪುಸ್ತಕದಲ್ಲಿ ಒಂದು ಪ್ರಸಂಗ ಬರೆದಿದ್ದಾರೆ. ಪಟ್ಟಿ ಮಾಡಿದವರು ತಾವೇ ಆದರೂ ತಮ್ಮ ಆಪರೇಷನ್‌ಗೆ ಅದು ಬೇಕಾದೀತೆಂದು ಅವರಿಗೆ ಅನ್ನಿಸಿರಲಿಲ್ಲವಂತೆ. ಒಮ್ಮೆ ಹೊಟ್ಟೆಯೊಳಗಿನ ಗಡ್ಡೆ ತೆಗೆಯುವಾಗ ಹೃದಯಕ್ಕೆ ಹೋಗುವ ದೊಡ್ಡ ರಕ್ತನಾಳ ಅವರ ಕೈಯಿಂದಲೇ ಹರಿಯಿತು. ಆ ರೋಗಿ ಬದುಕಿದ್ದಕ್ಕೆ ಒಂದು ಕಾರಣ, ಆಪರೇಷನ್‌ಗೆ ಮುಂಚೆ ಪಟ್ಟಿ ಓದುವಾಗ ರಕ್ತ ತೆಗೆದಿಟ್ಟಿಲ್ಲವೆಂಬುದನ್ನು ನರ್ಸು ಗಮನಿಸಿ ತರಿಸಿಟ್ಟಿದ್ದದ್ದು. ಇದನ್ನು ಓದಿದ ಮೇಲೆ ಅವರ ಮೇಲಿನ ಗೌರವ ನನಗೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಈ ಪಟ್ಟಿಗಳ ವಿಷಯ ಹೆಂಗಸರಾದ ನಮಗೆ ದೂರದ್ದೆಂದು ಯಾರಾದರೂ ತಿಳಿದರೆ ಅವರು ಕುಟುಂಬ ಯೋಜನೆಯ ಕ್ಯಾಂಪುಗಳನ್ನು ನೆನೆಸಿಕೊಳ್ಳಬೇಕು. ಸಂತಾನಹರಣ ಆಪರೇಷನ್‌ಗೆ ಮುಂಚೆ ಪ್ರತಿಯೊಬ್ಬರ ವಯಸ್ಸು, ಆರೋಗ್ಯ, ಮಕ್ಕಳ ಸಂಖ್ಯೆ ಮೊದಲಾದವನ್ನು ಪಟ್ಟಿಯಲ್ಲಿ ಡಾಕ್ಟರೇ ತುಂಬಬೇಕು ಎಂದು ಸುಪ್ರೀಂ ಕೋರ್ಟು 2005ರಲ್ಲೇ, ರಮಾಕಾಂತ್ ರಾಯ್ ಮೊಕದ್ದಮೆಯಲ್ಲಿ, ಆಜ್ಞೆ ಮಾಡಿತ್ತು. ಅದಾಗಿ ಒಂಬತ್ತು ವರ್ಷಕ್ಕೆ, 2014ರ ನವೆಂಬರಿನಲ್ಲಿ, ಛತ್ತೀಸಗಡದ ಬಿಲಾಸಪುರ ಜಿಲ್ಲೆಯ ಒಂದು ಕ್ಯಾಂಪಿನಲ್ಲಿ ಒಬ್ಬ ಸರ್ಜನ್ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದ. ಆ ಜಿಲ್ಲೆಯ ಕ್ಯಾಂಪುಗಳಲ್ಲಿ ಕನಿಷ್ಠ 13 ಮಂದಿ ಸತ್ತರು. ಒಬ್ಬೊಬ್ಬರಿಗೆ ಸಿಕ್ಕ ನಿಮಿಷಗಳನ್ನು ನೀವೇ ಲೆಕ್ಕ ಹಾಕಿ. ಆ ನಿಮಿಷಗಳಲ್ಲಿ ‘ನಿಮ್ಮ ಹೆಸರೇನಮ್ಮ?’ ಎಂದು ಕೇಳಲು ಯಾರಿಗೆ ಪುರಸೊತ್ತಿತ್ತು? 2016ರಲ್ಲಿ ದೇವಿಕಾ ಬಿಸ್ವಾಸ್ ಮೊಕದ್ದಮೆಯ ತೀರ್ಪಿನಲ್ಲಿ ಕೋರ್ಟು ಮೂರು ವರ್ಷದೊಳಗೆ ಇಂಥ ಕ್ಯಾಂಪುಗಳೇ ನಿಲ್ಲಬೇಕೆಂದಿತು. ಪಟ್ಟಿಯಲ್ಲಿರುವುದನ್ನು ಆಕೆಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕೆಂದೂ ಹೇಳಿತು.

ಆ ಹೆಸರಿನ ಪ್ರಶ್ನೆಗೆ ಇನ್ನೂ ಸ್ವಲ್ಪ ಬೆಲೆ ಕೊಡೋಣ. ಪಟ್ಟಿಯ ಮೊಟ್ಟಮೊದಲ ಅಂಶವೇ ಅದು, ರೋಗಿ ತನ್ನ ಬಾಯಿಂದಲೇ ತಾನು ಯಾರೆಂದು ಹೇಳುವುದು. ನಮ್ಮಲ್ಲಿ ಅದು ಕಾಣುವಷ್ಟು ಸುಲಭವಲ್ಲ. ಒಂದೇ ವಾರ್ಡಿನಲ್ಲಿ ಮೂರು ಲಕ್ಷ್ಮಮ್ಮ, ಎರಡು ಮುನಿಯಮ್ಮ ಇರುತ್ತಾರೆ. ತವರಿನ ಹೆಸರೊಂದು, ಗಂಡನ ಮನೆಯಲ್ಲಿಟ್ಟ ಹೆಸರೊಂದು, ರೇಷನ್ ಕಾರ್ಡಿನ ಹೆಸರು ಮತ್ತೊಂದು. ಸಿಸ್ಟರು ‘ಲಕ್ಷ್ಮಮ್ಮಾ’ ಎಂದರೆ ಭಯದಲ್ಲಿರುವ ಯಾರಾದರೂ ‘ಹೂಂ’ ಎನ್ನಬಹುದು. ಅದಕ್ಕೇ ‘ನೀವು ಲಕ್ಷ್ಮಮ್ಮನಾ?’ ಎಂದು ಕೇಳಬಾರದು, ‘ನಿಮ್ಮ ಹೆಸರೇನು?’ ಎಂದೇ ಕೇಳಬೇಕು ಎಂದು ನಮ್ಮ ಹುಡುಗಿ ಹೇಳಿದಳು. ಎಷ್ಟು ಸಣ್ಣ ವ್ಯತ್ಯಾಸ, ಎಷ್ಟು ದೊಡ್ಡ ವಿವೇಕ!

ಹಿಂದೆ ಆಸ್ಪತ್ರೆಯ ಕಿಟಕಿಯಲ್ಲಿ ‘ಗಂಡನ ಹೆಸರು?’ ಎಂದು ಕೇಳಿದರೆ ನಮ್ಮ ಅಜ್ಜಿಯರು ಸೆರಗು ಬಾಯಿಗೆ ಅಡ್ಡ ಹಿಡಿದು ಪಕ್ಕದವಳನ್ನು ತಿವಿಯುತ್ತಿದ್ದರು, ನೀನು ಹೇಳೇ ಎಂದು. ಗಂಡನ ಹೆಸರು ಹೇಳಲು ನಾಚಿಕೆ. ತನ್ನ ಹೆಸರು ಹೇಳಲು ಸಂಕೋಚ, ತನಗೇನು ನೋವೆಂದು ಹೇಳಲು ಇನ್ನೂ ಸಂಕೋಚ. ಈಗ ಆ ನಾಚಿಕೆ ಹೋಗಿದೆ. ಆದರೂ ಆಸ್ಪತ್ರೆಗೆ ಹೋದಾಗ ಡಾಕ್ಟರು ‘ಏನು ತೊಂದರೆ’ ಎಂದು ನಮ್ಮನ್ನು ಕೇಳಿದರೆ ಜೊತೆಗೆ ಬಂದ ಗಂಡ, ಮಗ, ಅಣ್ಣ ಉತ್ತರ ಹೇಳುತ್ತಾರೆ. ನಮಗೆ ಯಾವ ಮಾತ್ರೆ ಒಗ್ಗುವುದಿಲ್ಲ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಆಪರೇಷನ್‌ಗೆ ಮುಂಚೆ ಒಬ್ಬರು ಬಗ್ಗಿ ನಿಮ್ಮ ಹೆಸರು, ನಿಮಗೆ ಏನು ಮಾಡುತ್ತಿದ್ದಾರೆಂದು ನಿಮಗೆ ಗೊತ್ತೇ ಎಂದು ಕೇಳಿದರೆ, ‘ಎಲ್ಲಾ ಫೈಲಲ್ಲಿದೆ’ ಎಂದು ಬೇಸರಪಡಬೇಡಿ. ಗಟ್ಟಿಯಾಗಿ ಹೇಳಿ. ಮೂರು ಸಲ ಕೇಳಿದರೆ ಮೂರು ಸಲವೂ ಹೇಳಿ. ‘ಇವರಿಗೆ ಏನೂ ಗೊತ್ತಿಲ್ಲ’ ಎಂದುಕೊಳ್ಳಬೇಡಿ. ಗೊತ್ತಿರುವವರೇ ಹಾಗೆ ಕೇಳುವುದು. ಯಾರೂ ಕೇಳದಿದ್ದರೆ ನೀವೇ ಕೇಳಿ: ‘ಡಾಕ್ಟ್ರೇ, ಪಟ್ಟಿ ನೋಡಿದಿರಾ?’

ಪಟ್ಟಿಯಲ್ಲಿ ಇನ್ನೊಂದು ಅಂಶವಿದೆ, ನಗುವಂಥದ್ದು. ಕತ್ತಿ ತಾಗಿಸುವ ಮುಂಚೆ ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ತಮ್ಮ ಕೆಲಸ ಹೇಳಿಕೊಳ್ಳಬೇಕು. ದಿನಾ ಒಟ್ಟಿಗೆ ಕೆಲಸ ಮಾಡುವವರಿಗೆ ಇದು ನಾಟಕದ ಹಾಗೆ ಕಾಣುತ್ತದೆ, ಎಷ್ಟೋ ಕಡೆ ಮೊದಲು ಬಿಟ್ಟುಹೋಗುವುದೂ ಇದೇ. ಆದರೆ ಆರಂಭದಲ್ಲಿ ಒಮ್ಮೆ ಬಾಯಿಬಿಟ್ಟವರು ಆಮೇಲೆ ತಪ್ಪು ಕಂಡಾಗಲೂ ಬಾಯಿಬಿಡುತ್ತಾರೆ ಎಂಬುದು ಇದನ್ನು ಸೇರಿಸಿದವರ ಲೆಕ್ಕಾಚಾರ. ನಮ್ಮ ಎಷ್ಟು ಥಿಯೇಟರುಗಳಲ್ಲಿ ವಾರ್ಡ್ ಬಾಯ್‌ಗೆ, ಆಯಾಗೆ ಒಂದು ಹೆಸರಿದೆ? ‘ಏಯ್’ ಎಂದೋ ‘ಬಾರಮ್ಮ’ ಎಂದೋ ಕರೆದರೆ ಮುಗಿಯಿತು. ಹೆಸರಿಲ್ಲದವಳ ಕಣ್ಣಿಗೆ ಬಿದ್ದ ತಪ್ಪಿಗೂ ಹೆಸರಿರುವುದಿಲ್ಲ. ಅವಳು ನೋಡಿರುತ್ತಾಳೆ, ಎಣಿಕೆಯಲ್ಲಿ ಒಂದು ಬಟ್ಟೆ ಕಡಿಮೆಯೆಂದು ತಿಳಿದಿರುತ್ತಾಳೆ, ಸುಮ್ಮನಿರುತ್ತಾಳೆ.

ದೊಡ್ಡತನ ಎಂದರೆ ತಪ್ಪದೇ ಇರುವುದು ಎಂದು ನಾವು ತಿಳಿದಿದ್ದೇವೆ. ಹಾಗಾದರೆ ಭೂಮಿಯ ಮೇಲೆ ದೊಡ್ಡವರೇ ಇಲ್ಲ. ನೀವು ತಪ್ಪುತ್ತಿದ್ದೀರಿ ಎಂದು ಇನ್ನೊಬ್ಬರು ಹೆದರದೆ ಹೇಳುವಂತೆ ಬದುಕುವುದು ದೊಡ್ಡತನ. ನಮ್ಮಣ್ಣನ ಮಗಳಿಗೆ ಆ ಹಿರಿಯ ಸರ್ಜನ್ ಕೊಟ್ಟದ್ದು ಅದನ್ನೇ. ಅದಕ್ಕೆ ಅವರಿಗೆ ಖರ್ಚಾದದ್ದು ಎರಡು ನಿಮಿಷ.